ಡೋಣಿಯ ದಂಡೆಗೆ ಬಂದ ಸ್ಪೇನಿನ ಮಾತು

ಎಳೆಯ ಮಕ್ಕಳಿಗೆ ಸ್ಪ್ಯಾನಿಷ್ ಭಾಷೆಯನ್ನೂ ಆ ಭಾಷೆಯನ್ನಾಡುವ ಜನರ ಬಾಳುವೆಯನ್ನೂ ಪರಿಚಯ ಮಾಡಿಸುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಿಷಯವನ್ನು ಕೇಳಿದ ಕೂಡಲೆ ಕೆಲವರಿಗೆ ನಗು ಬಂದೀತು. ನಮ್ಮ ಸಾರವಾಡದಲ್ಲಿಯೇ ಹಿರಿಯರೊಬ್ಬರು, "ಇಂಗ್ಲೀಷ್ ಕಲಿಯೂದ್ರಾಗ ಹುಡುಗ್ರು ಹೈರಾಣಾಗ್ಯಾವು. ಇನ್ನ ಈ ಸ್ಪ್ಯಾನಿಷ್ ಎಲ್ಲಿಂದ ತಂದ್ರಿ, ಮಾಸ್ತರ?" ಎಂದು ಕೇಳಿದರು. ಎಲ್ಲಿಂದ ತಂದಿರಿ ಎಂಬ ಆ ಪ್ರಶ್ನೆ ನನಗೆ ಹಿಡಿಸಿತು. ಏತಕ್ಕೆ ತಂದಿರಿ ಎಂದು ಕೇಳಿದ್ದರೆ ಅದು ಶಿಕ್ಷಣದ ಪ್ರಶ್ನೆಯಾಗುತ್ತಿತ್ತು. ಎಲ್ಲಿಂದ ಎಂಬುದು ಇತಿಹಾಸದ ಪ್ರಶ್ನೆ. ನಾನು ಗೋವೆಯ ಹಳೆಯ ಬರಹಗಳನ್ನು ಓದುವ ಆಸೆಯಿಂದ ಪೋರ್ಚುಗೀಸನ್ನೂ ಅದರ ಬೆನ್ನಿಗೆ ಸ್ಪ್ಯಾನಿಷನ್ನೂ ಅಷ್ಟಿಷ್ಟು ಕಲಿತವನಾದುದರಿಂದ, ಮೊದಲು ಆ ಪ್ರಶ್ನೆಗೇ ಉತ್ತರ ಕೊಡಲು ಯತ್ನಿಸುತ್ತೇನೆ.

ಇಂದು ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ. ಸುಮಾರು ಐವತ್ತು ಕೋಟಿ ಜನರಿಗೆ ಅದು ಮನೆಮಾತು. ಮಾತೃಭಾಷೆಯಾಗಿ ಆಡುವವರ ಲೆಕ್ಕ ಹಿಡಿದರೆ ಚೀನದ ಮ್ಯಾಂಡರಿನ್ ಒಂದೇ ಅದಕ್ಕಿಂತ ಮುಂದಿದೆ. ಸ್ಪೇನಿನಲ್ಲಿ ಹುಟ್ಟಿದರೂ ಅದರ ಮಕ್ಕಳು ಹೆಚ್ಚಾಗಿರುವುದು ಮೆಕ್ಸಿಕೊ, ಕೊಲಂಬಿಯಾ, ಪೆರು, ಚಿಲಿ, ಅರ್ಜೆಂಟೀನಗಳಲ್ಲಿ. ಇಷ್ಟು ದೂರದ ನುಡಿಗೂ ಡೋಣಿಯ ದಂಡೆಯ ಜೋಳದ ಹೊಲಕ್ಕೂ ಏನು ಸಂಬಂಧ ಎಂದರೆ, 1580ನೆಯ ಇಸವಿಯನ್ನು ತೆರೆದು ನೋಡಬೇಕು.

ಆ ವರ್ಷದ ಏಪ್ರಿಲಿನಲ್ಲಿ ಬಿಜಾಪುರದ ಮೊದಲನೆಯ ಅಲಿ ಆದಿಲಶಹನು ಕೊಲೆಯಾದನು. ಅವನ ತಮ್ಮನ ಮಗ, ಒಂಬತ್ತರ ಆಸುಪಾಸಿನ ಬಾಲಕ ಇಬ್ರಾಹಿಮನನ್ನು ಗದ್ದಿಗೆಯ ಮೇಲೆ ಕೂರಿಸಲಾಯಿತು. ಅಲಿಯ ವಿಧವೆ ಚಾಂದಬೀಬಿ ಆ ಬಾಲಕನ ಪರವಾಗಿ ರಾಜ್ಯದ ಹೊಣೆ ಹೊತ್ತಳು. ಅದೇ 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನ ಬರಿದಾಗಿ, ಅದನ್ನು ಸ್ಪೇನಿನ ಅರಸು ಎರಡನೆಯ ಫಿಲಿಪ್ ವಶಪಡಿಸಿಕೊಂಡನು. ಅಲ್ಲಿಂದ 1640ರ ವರೆಗೆ, ಅರವತ್ತು ವರ್ಷಗಳ ಕಾಲ, ಎರಡು ಕಿರೀಟಗಳು ಒಂದೇ ತಲೆಯ ಮೇಲಿದ್ದವು. ಗೋವೆಯನ್ನು ಅಲ್ಬುಕರ್ಕನು 1510ರಲ್ಲಿ ಕಿತ್ತುಕೊಂಡದ್ದು ನಮ್ಮ ಆದಿಲಶಾಹಿಯವರ ಕೈಯಿಂದಲೇ. 1580ರಿಂದ ಆ ಗೋವೆಯ ದೊರೆ ಸ್ಪೇನಿನ ದೊರೆಯೇ ಆದನು. ಹೀಗೆ ಎರಡನೆಯ ಇಬ್ರಾಹಿಮ ಆದಿಲಶಹನು 1627ರಲ್ಲಿ ತೀರಿಕೊಳ್ಳುವ ವರೆಗಿನ ಅವನ ಇಡೀ ಆಳ್ವಿಕೆಯಲ್ಲಿ, ಪಡುವಣ ಗಡಿಯಾಚೆ ಇದ್ದ ಅವನ ನೆರೆಯವನು ಮ್ಯಾಡ್ರಿಡ್ಡಿನ ಅರಸು. ಗೋವೆಯ ಕಚೇರಿಯ ಮಾತು ಪೋರ್ಚುಗೀಸೇ ಆಗಿ ಉಳಿಯಿತು, ಅಧಿಕಾರಿಗಳೂ ಪೋರ್ಚುಗೀಸರೇ. ಆದರೂ ಬಿಜಾಪುರದ ಸುದ್ದಿ ಸ್ಪೇನಿನ ಅರಮನೆಯ ಮೇಜಿನ ಮೇಲೆ ಹೋಗಿ ಬೀಳುತ್ತಿದ್ದ ಕಾಲ ಅದು.

ಆ 1580ರಲ್ಲಿಯೇ ಗೋವೆಯಲ್ಲಿ ಇನ್ನೊಂದು ಕೃತ್ಯ ನಡೆಯಿತು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಸುಟ್ಟರು. ಅವನ ತಂದೆತಾಯಿಗಳು ಸ್ಪೇನಿನ ಯಹೂದ್ಯರು; 1492ರಲ್ಲಿ ಅಲ್ಲಿಂದ ಹೊರದೂಡಲ್ಪಟ್ಟು ಪೋರ್ಚುಗಲ್ಲಿಗೆ ಬಂದವರು. ಅವನು ಓದಿದ್ದು ಸ್ಪೇನಿನ ಸಾಲಮಾಂಕಾ ಮತ್ತು ಆಲ್ಕಲಾ ವಿದ್ಯಾಪೀಠಗಳಲ್ಲಿ. 1534ರಲ್ಲಿ ಗೋವೆಗೆ ಬಂದು, ಅಹಮದನಗರದ ನಿಜಾಮಶಹನಿಗೂ ಚಿಕಿತ್ಸೆ ಮಾಡಿ, ನಮ್ಮ ನಾಡಿನ ಗಿಡಮೂಲಿಕೆಗಳ ಮೇಲೆ ಸಂಭಾಷಣೆಯ ರೂಪದ ಒಂದು ದೊಡ್ಡ ಗ್ರಂಥವನ್ನು 1563ರಲ್ಲಿ ಅಚ್ಚು ಹಾಕಿಸಿದನು. 1568ರಲ್ಲಿ ತೀರಿಕೊಂಡನು. ಒಳಗೊಳಗೆ ಹಿರಿಯರ ಧರ್ಮವನ್ನು ಪಾಲಿಸಿದನೆಂಬ ಆಪಾದನೆಯ ಮೇಲೆ, ಸತ್ತ ಹನ್ನೆರಡು ವರ್ಷಗಳ ಮೇಲೆ ಅವನ ಎಲುಬಿಗೆ ಶಿಕ್ಷೆ! ಅವನ ಗ್ರಂಥವನ್ನು ಬಳಸಿಕೊಂಡು, ಗೋವೆಯನ್ನು ಕಣ್ಣಾರೆ ಕಂಡಿದ್ದ ಕ್ರಿಸ್ತೋಬಾಲ್ ಅಕೋಸ್ತಾ ಎಂಬ ಮತ್ತೊಬ್ಬ ವೈದ್ಯನು ಸ್ಪೇನಿನ ಬುರ್ಗೋಸಿನಲ್ಲಿ 1578ರಲ್ಲಿ ಚಿತ್ರಸಹಿತವಾದ ಪುಸ್ತಕವೊಂದನ್ನು ಹೊರತಂದನು. ಅದು ಸ್ಪ್ಯಾನಿಷಿನಲ್ಲಿಯೇ ಇದೆ. ಸ್ಪೇನಿನವರು ನಮ್ಮ ಗಿಡಮರಗಳನ್ನು ತಮ್ಮ ಮಾತಿನಲ್ಲಿ ಓದಿ ಇಂದಿಗೆ ನಾನೂರ ನಾಲ್ವತ್ತು ವರ್ಷ ಮೀರಿತು. ನಾವು ಅವರ ಗಿಡಮರಗಳನ್ನು ತಿನ್ನುತ್ತ ಬಂದಿದ್ದೇವೆ, ಓದಿಲ್ಲ.

ತಿನ್ನುವ ಮಾತು ಆಮೇಲೆ. ಮೊದಲು ಸೇದುವ ಮಾತು ಹೇಳಬೇಕು. ಅದು ಬಿಜಾಪುರದಲ್ಲಿಯೇ ನಡೆದ ಕಥೆ. ಅಕ್ಬರ ಬಾದಶಹನು 1603ರಲ್ಲಿ ಅಸದ್ ಬೇಗ್ ಎಂಬವನನ್ನು ಇಬ್ರಾಹಿಮನ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು. ಈ ಅಸದ್ ಬೇಗ್ ತನ್ನ ಅನುಭವಗಳನ್ನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ಬಿಜಾಪುರದಲ್ಲಿ ಅವನು ತಾನು ಹಿಂದೆ ಕಾಣದಿದ್ದ ಒಂದು ಎಲೆಯನ್ನು ಕಂಡನು. ಅದೇ ತಂಬಾಕು. ಹಿಂದಿರುಗುವಾಗ ಒಂದಿಷ್ಟನ್ನು ಕಟ್ಟಿಕೊಂಡು, ಅದಕ್ಕೆ ತಕ್ಕ ರತ್ನಖಚಿತವಾದ ಚಿಲುಮೆಯನ್ನೂ ಮಾಡಿಸಿಕೊಂಡು ಆಗ್ರಾಕ್ಕೆ ಹೋದನು. ಇಬ್ರಾಹಿಮನು ಕೊಟ್ಟಿದ್ದ ಎಲೆಯಡಿಕೆಯ ಚೀಲದಲ್ಲಿಯೇ ತಂಬಾಕನ್ನು ತುಂಬಿದ್ದನಂತೆ. ಬೆಳ್ಳಿಯ ತಟ್ಟೆಯಲ್ಲಿಟ್ಟು ಬಾದಶಹನ ಮುಂದೆ ಹಿಡಿದಾಗ, ಅಕ್ಬರನು ಕುತೂಹಲದಿಂದ ಎರಡು ದಮ್ಮು ಎಳೆದನು. ಆಸ್ಥಾನದ ಹಕೀಮನು ಗಾಬರಿಯಾದನು: ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಹೆಸರಿಲ್ಲ, ಹಿರಿಯರು ಪರೀಕ್ಷಿಸಿ ನೋಡಿಲ್ಲ, ಪ್ರಭುಗಳು ಮುಟ್ಟಬಾರದು ಎಂದನು. ಅದಕ್ಕೆ ಅಸದ್ ಬೇಗ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಲೋಕದಲ್ಲಿ ಯಾವ ರೂಢಿಯಾದರೂ ಮೊದಲೊಂದು ದಿನ ಹೊಸದೇ ಆಗಿತ್ತು, ಹೊರಗಿನವರ ವಸ್ತುವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ವಿವೇಕವಲ್ಲ. ಬಾದಶಹನು ಆ ಮಾತಿಗೆ ಮೆಚ್ಚಿದನು, ಆದರೆ ಮತ್ತೆ ಸೇದಲಿಲ್ಲ. ಅವನ ಮಗ ಜಹಾಂಗೀರನು 1617ರಲ್ಲಿ ತಂಬಾಕನ್ನು ನಿಷೇಧಿಸಿದನು, ಯಾರೂ ಕೇಳಲಿಲ್ಲ.

ಈ ಕಥೆಯಲ್ಲಿ ವಾದದಲ್ಲಿ ಗೆದ್ದವನು ಅಸದ್ ಬೇಗ್, ವೈದ್ಯದಲ್ಲಿ ಸರಿಯಾಗಿದ್ದವನು ಹಕೀಮ. ಹೊಸದೆಲ್ಲ ಒಳ್ಳೆಯದೇ ಎಂದು ಹೇಳಲು ನಾನು ಇದನ್ನು ತರಲಿಲ್ಲ. ನನ್ನ ಗಮನವಿರುವುದು ಆ ಎಲೆಯ ಹೆಸರಿನ ಮೇಲೆ. ಕ್ಯಾರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಬಾಯಿಂದ ಸ್ಪೇನಿನ ನಾವಿಕರು ಎತ್ತಿಕೊಂಡ 'ತಬಾಕೊ' ಎಂಬ ಶಬ್ದ, ಪೋರ್ಚುಗೀಸರ ಹಡಗಿನಲ್ಲಿ ಗೋವೆಗಿಳಿದು, ಘಟ್ಟ ಹತ್ತಿ, 1603ರ ಹೊತ್ತಿಗಾಗಲೇ ಬಿಜಾಪುರದ ಪೇಟೆಯಲ್ಲಿ ಕುಳಿತಿತ್ತು. ಸಾರವಾಡದ ಮುದುಕರು ಇಂದು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕುವಾಗ, ಕೊಲಂಬಸನ ಸಂಗಡಿಗರ ಒಂದು ಶಬ್ದವನ್ನೇ ತಿಕ್ಕುತ್ತಿರುತ್ತಾರೆ.

ಇನ್ನು ತಿನ್ನುವ ಮಾತು. ನಮ್ಮ ಕಡೆಯ ಹುಡುಗನೊಬ್ಬ ಹೊಲಕ್ಕೆ ಒಯ್ಯುವ ಬುತ್ತಿಯನ್ನು ಬಿಚ್ಚೋಣ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಮೇಲೊಂದು ಉಳ್ಳಾಗಡ್ಡಿ. ಜೋಳ ನಮಗೆ ಬಹು ಪ್ರಾಚೀನದ್ದು. ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯೂ ಅಮೆರಿಕದ್ದು. ಬಟಾಟೆ, ಟೊಮೇಟೊ, ಪೇರಲ, ಸೀತಾಫಲ, ಪಪ್ಪಾಯಿ, ಗೋವಿನಜೋಳ, ಸೂರ್ಯಪಾನ ಇವೂ ಅಲ್ಲಿಯವೇ. 1492ಕ್ಕೆ ಮುಂಚೆ ಈ ಊರಿನಲ್ಲಿ ಯಾರಾದರೂ ಖಾರ ಉಂಡಿದ್ದರೆ ಅದು ಕರಿಮೆಣಸಿನ ಖಾರ, ಶುಂಠಿಯ ಖಾರ. ಬಸವಣ್ಣನವರ ಕಾಲದ ಊಟದಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲವೆಂದು ಹೇಳಿದರೆ ನಮ್ಮವರು ಒಪ್ಪುವುದೇ ಕಷ್ಟ.

ಇಲ್ಲಿ ಹೆಸರಿಡುವ ಒಂದು ಸೊಗಸನ್ನು ಗಮನಿಸಬೇಕು. ಸ್ಪೇನಿನವರು ಅಮೆರಿಕದಲ್ಲಿ ಈ ಕಾಯಿಯನ್ನು ಮೊದಲು ತಿಂದಾಗ ನಾಲಗೆ ಉರಿಯಿತು. ಅವರಿಗೆ ಗೊತ್ತಿದ್ದ ಉರಿ ಕರಿಮೆಣಸಿನದು. ಅದನ್ನು ಅವರು 'ಪಿಮಿಯೆಂತಾ' ಎನ್ನುತ್ತಾರೆ. ಹೊಸ ಕಾಯಿಗೆ 'ಪಿಮಿಯೆಂತೊ' ಎಂದು ಹೆಸರಿಟ್ಟರು. ನಮ್ಮವರು ಅದೇ ಕಾಯಿಯನ್ನು ತಿಂದು, ಅದೇ ಉರಿಯನ್ನು ನೆನೆದು, ಮೆಣಸು ಎಂಬ ಶಬ್ದದಿಂದ ಮೆಣಸಿನಕಾಯಿ ಮಾಡಿದರು. ಯಾರೂ ಯಾರನ್ನೂ ಕೇಳಿರಲಿಲ್ಲ. ಎರಡು ಭಾಷೆಗಳು ಒಂದೇ ಕಾಯಿಗೆ ಒಂದೇ ರೀತಿಯಲ್ಲಿ ಯೋಚಿಸಿದವು. ಕಳೆದ ಬೇಸಗೆಯ ರಜೆಯಲ್ಲಿ ಸಂಜೆ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಇದನ್ನು ಹೇಳಿದಾಗ ಆರು ವರ್ಷದ ಹುಡುಗಿಯೊಬ್ಬಳು ಸಂಕಟಪಟ್ಟು, "ಮುತ್ಯಾ, ಹಂಗಾರ ಮೆಣಸಿನಕಾಯಿ ನಮ್ದಲ್ಲೇನ?" ಎಂದಳು. ನಾನೂರು ವರ್ಷ ನಮ್ಮ ಮಣ್ಣಿನಲ್ಲಿ ಬೆಳೆದು, ಬ್ಯಾಡಗಿಯ ಹೆಸರಿನಿಂದ ದೇಶಾಂತರ ಹೋಗುವ ಕಾಯಿ ನಮ್ಮದಲ್ಲದೆ ಯಾರದು ಎಂದು ಸಮಾಧಾನ ಹೇಳಿದೆ. ಸೊಸೆಯ ತವರುಮನೆ ಬೇರೆಯೆಂದು ಅವಳು ಮನೆಯವಳಲ್ಲವೆನ್ನುತ್ತೇವೆಯೆ?

ಬೇಲಿಯ ಮೇಲೂ ಇದೇ ಕಥೆ. ಪಾಪಾಸುಕಳ್ಳಿ ಮೆಕ್ಸಿಕೊ ಕಡೆಯದು. ಆ ದೇಶದ ಧ್ವಜದ ನಡುವೆ ಹದ್ದು ಕೂತಿರುವುದು ಇದೇ ಜಾತಿಯ ಕಳ್ಳಿಯ ಮೇಲೆ. ಅದರ ಹಣ್ಣನ್ನು ಮುಳ್ಳು ತೆಗೆದು ತಿಂದು ತುಟಿ ಕೆಂಪು ಮಾಡಿಕೊಳ್ಳುವ ನಮ್ಮ ಮಕ್ಕಳಿಗೆ ಆ ಧ್ವಜವನ್ನು ತೋರಿಸಿದರೆ, ಭೂಗೋಳದ ಪಾಠ ಬೇರೆ ಬೇಕಾಗುವುದಿಲ್ಲ. ಹಗ್ಗ ಹೊಸೆಯುವ ಭೂತಾಳೆಯೂ ಅಲ್ಲಿಂದಲೇ ಬಂದದ್ದು. ಬೇಡದ ನೆಂಟರೂ ಬಂದಿದ್ದಾರೆನ್ನಿ: ಬಳ್ಳಾರಿ ಜಾಲಿ, ಕಾಂಗ್ರೆಸ್ ಹುಲ್ಲು. 1966ರಲ್ಲಿ ಸರಕಾರವು ಮೆಕ್ಸಿಕೊದಿಂದ ಹದಿನೆಂಟು ಸಾವಿರ ಟನ್ನು ಗೋದಿಯ ಬೀಜವನ್ನು ತರಿಸಿದಾಗ, 'ಲೆರ್ಮಾ ರೋಹೊ', 'ಸೊನೊರಾ' ಎಂಬ ಅಚ್ಚ ಸ್ಪ್ಯಾನಿಷ್ ಹೆಸರುಗಳು ನಮ್ಮ ದೇಶದ ರೈತರ ಬಾಯಲ್ಲಿ ಓಡಾಡಿದವು. ರೋಹೊ ಎಂದರೆ ಕೆಂಪು.

ವಸ್ತುಗಳ ಜೊತೆಗೆ ಬಂದ ಮಾತುಗಳ ಲೆಕ್ಕವನ್ನು ಗೋವೆಯ ವಿದ್ವಾಂಸ ಸೆಬಾಸ್ತಿಯಾಂವ್ ರೊದೊಲ್ಫೊ ದಾಲ್ಗಾದೊ 1913ರಲ್ಲಿಯೇ ಮಾಡಿಟ್ಟರು. ಏಷ್ಯದ ಸುಮಾರು ಐವತ್ತು ಭಾಷೆಗಳಲ್ಲಿ ಸೇರಿಕೊಂಡ ಪೋರ್ಚುಗೀಸ್ ಶಬ್ದಗಳ ಕೋಶ ಅದು, ಕನ್ನಡವೂ ಅದರಲ್ಲಿದೆ. ಪೋರ್ಚುಗೀಸೂ ಸ್ಪ್ಯಾನಿಷೂ ಅಕ್ಕತಂಗಿಯರಾದುದರಿಂದ ಒಂದು ಬಾಗಿಲಿನಿಂದ ಬಂದದ್ದು ಇನ್ನೊಂದಕ್ಕೂ ದಾರಿಯಾಗುತ್ತದೆ. ನಮ್ಮ ಕಡೆ ತಿಂಗಳಿಗೊಮ್ಮೆ ಬರುವುದು ಪಗಾರ. ಸ್ಪ್ಯಾನಿಷಿನಲ್ಲಿ 'ಪಗಾರ್' ಎಂದರೆ ಹಣ ಸಲ್ಲಿಸುವುದು. ಪೇರಲ ಹಣ್ಣಿನ ಹೆಸರಿನಲ್ಲಿ 'ಪೇರಾ' ಕೂತಿದೆ. ಅಲ್ಲಿ ಅದು ಬೇರೊಂದು ಹಣ್ಣು, ಹೆಸರು ಮಾತ್ರ ಇಲ್ಲಿ ಸೀಬೆಗೆ ಹತ್ತಿಕೊಂಡಿತು. ಪಾದ್ರಿ ಎಂಬುದು 'ಪಾದ್ರೆ', ಅಂದರೆ ತಂದೆ. ಕೀಲಿಗೆ ನಾವೆನ್ನುವ ಚಾವಿ ಪೋರ್ಚುಗೀಸಿನ 'ಶಾವೆ'. ಅದರ ಸ್ಪ್ಯಾನಿಷ್ ತಂಗಿ 'ಯಾವೆ'. ಮೇಜು ಮಾತ್ರ ಪಾರಸಿಯದೋ ಪೋರ್ಚುಗೀಸಿನದೋ ಎಂದು ಪಂಡಿತರಲ್ಲಿ ಜಗಳವಿದೆ. ಸ್ಪ್ಯಾನಿಷಿನ 'ಮೇಸಾ' ಹತ್ತಿರವೇ ನಿಂತು ನೋಡುತ್ತಿದೆ. ನನ್ನನ್ನು ಆ ಹಿರಿಯರು ಮಾಸ್ತರ ಎಂದು ಕರೆದರಲ್ಲ, ಆ ಮಾಸ್ತರನೂ, ಮನೆ ಕಟ್ಟಿಸುವ ಮೇಸ್ತ್ರಿಯೂ, ಸ್ಪೇನಿನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ 'ಮಾಎಸ್ತ್ರೊ'ನೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು.

ಬಿಜಾಪುರ ಸೀಮೆಯವರಿಗೆ ಎರಡನೆಯ ಬಾಗಿಲೊಂದಿದೆ. ಅದು ಮೈಸೂರಿನವರಿಗೂ ಮಂಗಳೂರಿನವರಿಗೂ ಇಷ್ಟು ಅಗಲವಾಗಿ ತೆರೆದಿಲ್ಲವೆಂದು ನನ್ನ ಎಣಿಕೆ. ಸ್ಪೇನಿನ ಹಲವು ಭಾಗಗಳನ್ನು ಎಂಟನೆಯ ಶತಮಾನದಿಂದ ಮುಸಲ್ಮಾನರು ಆಳಿದರು. ಅವರ ಕೊನೆಯ ರಾಜ್ಯ ಗ್ರನಾಡಾ ಬಿದ್ದದ್ದು 1492ರ ಆರಂಭದಲ್ಲಿ. ಯೂಸುಫ್ ಆದಿಲಖಾನನು ಬಿಜಾಪುರದಲ್ಲಿ ಸ್ವತಂತ್ರನಾದದ್ದು ಅದಕ್ಕೆ ಒಂದೆರಡು ವರ್ಷ ಮುಂಚೆ. ಪಶ್ಚಿಮದ ತುದಿಯಲ್ಲಿ ಅಲ್‌ಹಂಬ್ರದ ದೀಪ ಆರುವ ಹೊತ್ತಿಗೆ ದಖ್ಖಣದಲ್ಲಿ ಇನ್ನೊಂದು ದೀಪ ಹೊತ್ತಿತು. ಅರಸರು ಹೋದರೂ ಅರಬೀ ಶಬ್ದಗಳು ಸ್ಪ್ಯಾನಿಷಿನಲ್ಲಿ ಸಾವಿರಗಟ್ಟಲೆ ಉಳಿದವು, ನಮ್ಮ ಕನ್ನಡದಲ್ಲಿ ಉಳಿದ ಹಾಗೆಯೇ. ನಮ್ಮಲ್ಲಿ ನ್ಯಾಯ ಹೇಳುತ್ತಿದ್ದ ಖಾಜಿ ಅಲ್ಲಿ 'ಅಲ್ಕಾಲ್ದೆ' ಆಗಿ ಇಂದಿಗೂ ಊರಿನ ಪೌರಾಧ್ಯಕ್ಷನಾಗಿದ್ದಾನೆ. ನಮ್ಮ ದಿವಾನನ ಕಚೇರಿ ಅಲ್ಲಿ 'ಅದುಆನಾ', ಸುಂಕದ ಕಟ್ಟೆ. ಇನ್ನೂ ಹಿಂದೆ ಹೋದರೆ ನಮ್ಮ ಶರ್ಕರವೇ ಪಾರಸಿ, ಅರಬಿಗಳ ಕೈದಾಟಿ 'ಅಸೂಕಾರ್' ಆಗಿದೆ. ನಾರಂಗವೇ 'ನಾರಾಂಹಾ' ಆಗಿದೆ. ಹೀಗಾಗಿ ವಿಜಯಪುರದ ಓಣಿಯಲ್ಲಿ ಕನ್ನಡವನ್ನೂ ಉರ್ದುವನ್ನೂ ಕೇಳಿ ಬೆಳೆದ ಮಗುವಿಗೆ ಸ್ಪ್ಯಾನಿಷಿನ ಶಬ್ದಕೋಶ ಪೂರಾ ಪರದೇಶವಲ್ಲ.

ಎರಡನೆಯ ಇಬ್ರಾಹಿಮನ ವಿಷಯಕ್ಕೇ ಮರಳಿದರೆ, ಅವನು ಪಾರಸಿಯನ್ನು ತಿಳಿಯಬಲ್ಲವನಾದರೂ ಮರಾಠಿಯಲ್ಲಿ ಹೆಚ್ಚು ಸಲೀಸಾಗಿ ಮಾತಾಡುತ್ತಿದ್ದನೆಂದು ಅಸದ್ ಬೇಗ್ ಬರೆದಿದ್ದಾನೆ. ಅವನ 'ಕಿತಾಬ್-ಎ-ನವರಸ' ದಖ್ಖನಿಯಲ್ಲಿದೆ. ಅದರಲ್ಲಿ ಸರಸ್ವತಿಯೂ ಗಣಪತಿಯೂ ಬರುತ್ತಾರೆ. ಇಷ್ಟು ಮಾತುಗಳ ನಡುವೆ ಬೆಳೆದ ಆ ದೊರೆಗೆ ಸ್ಪ್ಯಾನಿಷ್ ತಿಳಿದವನೊಬ್ಬ ಹತ್ತಿರದಲ್ಲಿಯೇ ಇದ್ದನು. ಸ್ಪೇನಿನ ಮೂರನೆಯ ಫಿಲಿಪನು ಇರಾನಿನ ಶಾ ಅಬ್ಬಾಸನ ಬಳಿಗೆ ಕಳುಹಿಸಿದ ರಾಯಭಾರಿ ಗಾರ್ಸಿಯಾ ದೆ ಸಿಲ್ವಾ ಇ ಫಿಗೆರೋವಾ 1614ರ ಕೊನೆಯಲ್ಲಿ ಗೋವೆಗೆ ಬಂದು, ಪೋರ್ಚುಗೀಸ್ ಅಧಿಕಾರಿಗಳ ಅಸಹಕಾರದಿಂದ 1617ರ ವರೆಗೆ ಅಲ್ಲಿಯೇ ಸಿಕ್ಕಿಬಿದ್ದನು. ಮುಂದೆ ಇರಾನಿನ ಹಾಳೂರೊಂದನ್ನು ಕಂಡು ಇದೇ ಪ್ರಾಚೀನ ಪರ್ಸೆಪೊಲಿಸ್ ಎಂದು ಮೊದಲು ಗುರುತಿಸಿದ ಜಾಣನು ಅವನು. ಗೋವೆಯಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಕುಳಿತ ಇಂಥವನು ಘಟ್ಟ ಹತ್ತಿ ನವರಸಪುರಕ್ಕೆ ಬಂದಿದ್ದರೆ! ಇತಿಹಾಸದಲ್ಲಿ 'ರೆ'ಕಾರಕ್ಕೆ ಬೆಲೆಯಿಲ್ಲ, ಬಿಡಿ.

ಇಷ್ಟು ಹೊತ್ತು ಸಿಹಿಯನ್ನೇ ಹೇಳಿದೆ. ಕಹಿಯನ್ನು ಮುಚ್ಚಿಟ್ಟು ಮಕ್ಕಳ ಮುಂದೆ ಒಂದು ಸಂಸ್ಕೃತಿಯನ್ನು ಇಡುವುದು ಮೋಸ. ಈಗಿನ ಬೊಲಿವಿಯಾದ ಪೊತೊಸಿ ಎಂಬ ಬೆಟ್ಟದಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಅಲ್ಲಿಯ ಮೂಲನಿವಾಸಿಗಳನ್ನು ಸರದಿಯ ಬಿಟ್ಟಿ ದುಡಿಮೆಗೆ ಹಚ್ಚಿ ಗಣಿ ತೋಡಿಸಿದರು. ಲೆಕ್ಕವಿಲ್ಲದಷ್ಟು ಜನ ಸತ್ತರು. ಆ ಬೆಳ್ಳಿ ಯುರೋಪಿಗೆ ಹೋಗಿ, ಅಲ್ಲಿಂದ ಮೆಣಸಿಗೂ ಬಟ್ಟೆಗೂ ಬದಲಾಗಿ ಹಿಂದೂಸ್ತಾನಕ್ಕೆ ಹರಿದು ಬಂದಿತು. ಎರಡನೆಯ ಅಲಿ ಆದಿಲಶಹನ ಹೆಸರು ಹೊತ್ತ ಲಾರಿ ಎಂಬ ನಾಣ್ಯವಿದೆ. ಬೆಳ್ಳಿಯ ತಂತಿಯನ್ನು ಮಡಚಿ ಮುದ್ರೆಯೊತ್ತಿದ್ದು. ನಮ್ಮ ನಾಡಿನಲ್ಲಿ ಬೆಳ್ಳಿಯ ಗಣಿ ಇಲ್ಲವೆಂಬುದೇ ಸರಿ. ಆ ಕಾಲದ ನಮ್ಮ ಬೆಳ್ಳಿಯಲ್ಲಿ ಎಷ್ಟು ಪಾಲು ಪೊತೊಸಿಯ ಬೆವರಿತ್ತು ಎಂದು ಯೋಚಿಸಿದಾಗ ನಾಣ್ಯ ಕೈಯಲ್ಲಿ ಭಾರವಾಗುತ್ತದೆ.

ಮಕ್ಕಳಿಗೆ ಮಾತು ಕಲಿಸುವ ವಿಚಾರದಲ್ಲಿಯೂ ಎರಡು ದಾರಿಗಳನ್ನು ಆ ಜನ ತುಳಿದರು. ಸ್ಪೇನಿನ ನವಾರ್ರಾದವನಾದ ಫ್ರಾನ್ಸಿಸ್ ಜೇವಿಯರನು 1542ರಲ್ಲಿ ಗೋವೆಗೆ ಬಂದಾಗ, ಬೀದಿಬೀದಿಯಲ್ಲಿ ಕೈಗಂಟೆ ಬಾರಿಸುತ್ತ ಮಕ್ಕಳನ್ನು ಕೂಡಿಸಿ ಹಾಡಿನ ಧಾಟಿಯಲ್ಲಿ ಪಾಠ ಹೇಳುತ್ತಿದ್ದನು. ತಮಿಳು ಕರಾವಳಿಯಲ್ಲಿ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿ ತಾನೇ ಬಾಯಿಪಾಠ ಮಾಡಿದನು. ಮಕ್ಕಳ ಮನಸ್ಸಿನ ಬಾಗಿಲು ಕಿವಿಯೆಂದು ಅರಿತವನು. ಆದರೆ ಗೋವೆಗೆ ಧರ್ಮವಿಚಾರಣೆಯ ನ್ಯಾಯಾಲಯ ಬೇಕೆಂದು 1546ರಲ್ಲಿ ಅರಸನಿಗೆ ಬರೆದವನೂ ಅವನೇ. ಆ ನ್ಯಾಯಾಲಯ 1560ರಲ್ಲಿ ಬಂದು, ನಡುವೆ ನಾಲ್ಕು ವರ್ಷ ಬಿಟ್ಟು, 1812ರ ವರೆಗೆ ಇದ್ದಿತು. 1684ರಲ್ಲಿ ಗೋವೆಯ ವೈಸರಾಯನು, ಮೂರು ವರ್ಷಗಳೊಳಗೆ ಜನರು ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದನು. 1770ರಲ್ಲಿ ಸ್ಪೇನಿನ ಮೂರನೆಯ ಕಾರ್ಲೊಸನು ಅಮೆರಿಕದ ಮೂಲಭಾಷೆಗಳೆಲ್ಲ ಅಳಿದು ಸ್ಪ್ಯಾನಿಷ್ ಒಂದೇ ಉಳಿಯಬೇಕೆಂದು ಆಜ್ಞೆ ಮಾಡಿದನು. ಕೊಂಕಣಿ ಅಳಿಯಲಿಲ್ಲ, 1992ರಲ್ಲಿ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸೇರಿತು. ಅದೇ 1992ರಲ್ಲಿ ಪರಾಗ್ವೆಯ ಸಂವಿಧಾನವು ಗುವಾರಾನಿಯನ್ನು ಸ್ಪ್ಯಾನಿಷಿನ ಜೊತೆಗೆ ಅಧಿಕೃತ ಭಾಷೆಯನ್ನಾಗಿ ಮಾಡಿತು.

ನಮಗೂ ಈ ನೋವು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಈ ಭಾಗದಲ್ಲಿ ಕನ್ನಡ ಮನೆಯ ಮಕ್ಕಳು ಶಾಲೆಗೆ ಹೋದರೆ ಅಲ್ಲಿ ಮರಾಠಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ದುಡಿದದ್ದರಿಂದ ಕನ್ನಡ ಶಾಲೆಗಳು ಎದ್ದವು. ಆದುದರಿಂದ ಎಳೆಯ ಮಕ್ಕಳ ಮೇಲೆ ಇನ್ನೊಂದು ಭಾಷೆಯನ್ನು ಹೇರುವ ಮಾತು ಬಂದರೆ ಮೊದಲು ಅಡ್ಡ ನಿಲ್ಲುವವನು ನಾನು. ನಮ್ಮ ತಾಂಡಾದ ಮಗು ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ಹೊರೆ ಹೊತ್ತಿದೆ. ನಾಲ್ಕನೆಯದಕ್ಕೆ ಪರೀಕ್ಷೆ, ಅಂಕ, ಶುಲ್ಕಗಳನ್ನು ಕಟ್ಟಿ ಕೂರಿಸಿದರೆ ಅದು ಪಾಪ. ನಾನು ಹೇಳುತ್ತಿರುವುದು ಬೇರೆ. ಇಂಗ್ಲಿಷ್ ಒಂದೇ ಕಿಟಕಿಯ ಮೂಲಕ ಲೋಕವನ್ನು ನೋಡುವ ಮಗು, ಲೋಕವೆಂದರೆ ಲಂಡನ್ನು, ನ್ಯೂಯಾರ್ಕು ಎಂದುಕೊಳ್ಳುತ್ತದೆ. ತನ್ನಂತೆಯೇ ಕೈಯಿಂದ ರೊಟ್ಟಿ ತಟ್ಟುವ, ಕಲ್ಲಿನಲ್ಲಿ ಖಾರ ಅರೆಯುವ, ಸೆಕೆಗೆ ಬೆವರುವ, ಮಳೆಗೆ ಕಾಯುವ ಕೋಟ್ಯಂತರ ಜನರು ಬೇರೊಂದು ಮಾತಾಡಿಕೊಂಡು ಬದುಕಿದ್ದಾರೆಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ನೆರೆಯ ಅನಂತಪುರದಲ್ಲಿ ಇದು ಇನ್ನೊಂದು ಬಗೆಯಲ್ಲಿ ನಡೆದಿದೆ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1952ರಲ್ಲಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡದಲ್ಲಿ ರೈತರಿಗೆ ಬಾವಿ ತೋಡಿಸುವ ಕೆಲಸ ಮಾಡಿ, 1968ರಲ್ಲಿ ದೇಶ ಬಿಡಬೇಕಾಗಿ ಬಂದು, ಮತ್ತೆ ಮರಳಿ 1969ರಲ್ಲಿ ಅನಂತಪುರವನ್ನು ಆರಿಸಿಕೊಂಡರು. ನಮ್ಮ ಸೀಮೆಯಂತೆಯೇ ಬರದ ಸೀಮೆ ಅದು. ಮಡಕಶಿರ, ರಾಯದುರ್ಗಗಳಲ್ಲಿ ಕನ್ನಡವೂ ಕೇಳಿಸುತ್ತದೆ. 2009ರಲ್ಲಿ ತೀರಿಕೊಳ್ಳುವ ವರೆಗೆ ಅವರು ಅಲ್ಲಿಯೇ ಇದ್ದರು. ಅವರ ಸಂಸ್ಥೆಯ ಮೂಲಕ ಸ್ಪೇನಿನ ಸಾವಿರಾರು ಕುಟುಂಬಗಳು ಅಲ್ಲಿಯ ಹಳ್ಳಿಯ ಮಕ್ಕಳಿಗೆ ನೆರವಾಗುತ್ತವೆ. ಮಕ್ಕಳು ಚಿತ್ರ ಬರೆದು, ಕಾಗದ ಬರೆದು ಕಳುಹಿಸುತ್ತಾರೆ. ಅಲ್ಲಿಂದ ಉತ್ತರ ಬರುತ್ತದೆ. ಹಳ್ಳಿಯಿಂದ ಬಂದ ತರುಣ ತರುಣಿಯರಿಗೆ ಸ್ಪ್ಯಾನಿಷ್ ಕಲಿಸುವ ಶಾಲೆಯೂ ಅಲ್ಲಿ ಇದೆ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎಂಬ ಭೇದ ಈ ಪತ್ರವ್ಯವಹಾರದಲ್ಲಿ ಇಲ್ಲದಿಲ್ಲ. ಆದರೂ ಕಾಗದ ಬರೆದ ಮಗುವಿಗೆ ಸ್ಪೇನ್ ಎಂಬುದು ನಕಾಶೆಯ ಬಣ್ಣವಾಗಿ ಉಳಿಯುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳಿಗಂತೂ ಇದು ದಿನದ ಮಾತು. ಅಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ. ಟೆಕ್ಸಸಿನಿಂದ ರಜೆಗೆ ಬಂದ ಹುಡುಗನೊಬ್ಬ ನಮ್ಮೂರಲ್ಲಿ ತನ್ನ ಆಯಿಯ ಜೊತೆ ಮಾತು ಹೂಡಿದ್ದನ್ನು ಕೇಳಿದ್ದೇನೆ. ಅವನ ಕನ್ನಡ ಅರೆಬರೆ, ಅವಳಿಗೆ ಇಂಗ್ಲಿಷ್ ಇಲ್ಲ. ಅವಳು 'ಬಟಾಟಿ' ಎಂದಾಗ ಅವನ ಮುಖ ಅರಳಿತು. 'ಪಗಾರ' ಎಂದಾಗ ಕುಣಿದೇಬಿಟ್ಟ. ಅವನಿಗೆ ಅವೆರಡೂ ಶಾಲೆಯ ಸ್ಪ್ಯಾನಿಷಿನಿಂದ ಗೊತ್ತಿದ್ದವು. ತಾಯ್ನುಡಿಗೆ ಮರಳುವ ದಾರಿ ಹೀಗೂ ಇರಬಹುದೆಂದು ನಾನು ಎಣಿಸಿರಲಿಲ್ಲ.

ನಾಲಗೆಯ ಮಟ್ಟಿಗೆ ಹೇಳುವುದಾದರೆ ಕನ್ನಡ ಮಗುವಿಗೆ ಸ್ಪ್ಯಾನಿಷ್ ಇಂಗ್ಲಿಷಿಗಿಂತ ಸುಲಭ. ಬರೆದಂತೆ ಓದುವುದು ಹೆಚ್ಚುಕಡಿಮೆ ನಿಯಮವೇ. ಅ, ಎ, ಇ, ಒ, ಉ ಎಂಬ ಐದು ಸ್ವರಗಳು ನಮ್ಮವೇ. ತ, ದಗಳು ಹಲ್ಲಿಗೆ ತಾಗಿಯೇ ಹುಟ್ಟುತ್ತವೆ. ವರ್ಣಮಾಲೆಯಲ್ಲಿ ಕಲಿತು ಆಮೇಲೆ ಜೀವಮಾನವಿಡೀ ಒಂಟಿಯಾಗಿ ಬಳಸದ ನಮ್ಮ 'ಞ'ಕಾರಕ್ಕೆ ಅಲ್ಲಿ ಕೈತುಂಬ ಕೆಲಸ: ಮಗುವೇ 'ನಿಞೊ'. ನಮ್ಮ ಶಾಸನಗಳಲ್ಲಿ ಕಂಡು, ಬಾಯಿಂದ ಮರೆಯಾದ 'ಱ'ಕಾರದಂಥ ಗಡಸು ಉಚ್ಚಾರ ಅಲ್ಲಿ ಜೀವಂತವಾಗಿದೆ. 'ಪೆರೊ' ಎಂದರೆ ಆದರೆ. ಅದನ್ನೇ ಒತ್ತಿ 'ಪೆಱ್ಱೊ' ಎಂದರೆ ನಾಯಿ. ಹಿರಿಯರಿಗೆ ನೀವು, ಗೆಳೆಯರಿಗೆ ನೀನು ಎಂಬ ಭೇದವೂ ಅಲ್ಲಿ ಇದೆ. ನನಗೆ ಮಾವು ಸೇರುತ್ತದೆ ಎಂದು ನಾವು ಚತುರ್ಥಿಯಲ್ಲಿ ಹೇಳುವಂತೆಯೇ ಅವರೂ 'ಮೆ ಗುಸ್ತಾ' ಎನ್ನುತ್ತಾರೆ. ಇಂಗ್ಲಿಷಿನವನ ಹಾಗೆ 'ನಾನು' ಎಂದು ಮುಂದೆ ಬಂದು ನಿಲ್ಲುವುದಿಲ್ಲ.

ಹಬ್ಬದ ಮೂಲಕ ಹೇಳಿದರೆ ಇನ್ನೂ ಬೇಗ ಹತ್ತುತ್ತದೆ. ಮೆಕ್ಸಿಕೊದಲ್ಲಿ ನವೆಂಬರದ ಮೊದಲ ಎರಡು ದಿನ ತೀರಿಕೊಂಡವರ ಹಬ್ಬ. ಹಿರಿಯರ ಚಿತ್ರಗಳನ್ನಿಟ್ಟು, ಅವರಿಗೆ ಸೇರುತ್ತಿದ್ದ ಅಡುಗೆ ಮಾಡಿಟ್ಟು, ದೀಪ ಹಚ್ಚಿ, ಮನೆಯ ದಾರಿ ತಪ್ಪದಿರಲೆಂದು ಹೂವಿನ ಎಸಳುಗಳನ್ನು ಚೆಲ್ಲುತ್ತಾರೆ. ಆ ಹೂವು ಯಾವುದು ಬಲ್ಲಿರಾ? ನಮ್ಮ ಚೆಂಡುಹೂವು. ಅದರ ತವರೇ ಮೆಕ್ಸಿಕೊ. ನಾವು ಮಹಾಲಯದಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತೇವೆ, ದಸರೆ ದೀಪಾವಳಿಗಳಲ್ಲಿ ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತೇವೆ. ಇದನ್ನು ಹೇಳಿದ ಸಂಜೆ ಒಬ್ಬ ಹುಡುಗ ತನ್ನ ಸತ್ತ ಮುತ್ಯಾನಿಗೆ ಏನೇನು ಸೇರುತ್ತಿತ್ತೆಂದು ಎಲ್ಲರಿಗೂ ವರದಿ ಕೊಟ್ಟನು. ಅಂದು ಪಾಠ ಮುಂದೆ ಸಾಗಲಿಲ್ಲ, ಸಾಗಬೇಕಾಗಿಯೂ ಇರಲಿಲ್ಲ.

ಕಥೆಗಳಿಗೇನೂ ಕೊರತೆಯಿಲ್ಲ. ಹ್ವಾನ್ ರಾಮೋನ್ ಹಿಮೆನೆಸ್ ಎಂಬ ಕವಿ 1914ರಲ್ಲಿ ಬೂದು ಬಣ್ಣದ ಒಂದು ಕತ್ತೆಯ ಮೇಲೆ ಬರೆದ ಪುಸ್ತಕವನ್ನು ಆ ಭಾಷೆಯ ಮಕ್ಕಳೆಲ್ಲ ಓದುತ್ತಾರೆ. ಅವನಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂದಿತು. ಅವನ ಹೆಂಡತಿಯಾದ ಸೆನೋಬಿಯಾ, ರವೀಂದ್ರನಾಥ ಠಾಕೂರರು ಮಕ್ಕಳ ಬಗ್ಗೆ ಬರೆದ 'ಕ್ರೆಸೆಂಟ್ ಮೂನ್' ಕವನಗಳನ್ನು ಅವನ ನೆರವಿನೊಂದಿಗೆ 1915ರಲ್ಲಿ ಸ್ಪ್ಯಾನಿಷಿಗೆ ತಂದಳು. ನಮ್ಮ ಅಂಗಳದ ಮಗು ಅಲ್ಲಿಯ ಅಂಗಳಕ್ಕೆ ಹೋಗಿ ಶತಮಾನ ಕಳೆದಿದೆ.

ಆದರೆ ನನಗೆ ಎಲ್ಲರಿಗಿಂತ ಹತ್ತಿರವಾದವಳು ಚಿಲಿ ದೇಶದ ಗಾಬ್ರಿಯೇಲಾ ಮಿಸ್ತ್ರಾಲ್. 1889ರಲ್ಲಿ ಎಲ್ಕಿ ಎಂಬ ಕಣಿವೆಯಲ್ಲಿ ಹುಟ್ಟಿದವಳು. ಹದಿಹರೆಯದಲ್ಲಿಯೇ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳತೊಡಗಿದಳು. ಮಕ್ಕಳು ಕೈಕೈ ಹಿಡಿದು ಸುತ್ತುತ್ತ ಹಾಡುವ ಹಾಡುಗಳನ್ನೂ ಜೋಗುಳಗಳನ್ನೂ ಬರೆದಳು. 1922ರಲ್ಲಿ ಮೆಕ್ಸಿಕೊ ಸರಕಾರ ಹಳ್ಳಿಯ ಶಿಕ್ಷಣವನ್ನು ಸುಧಾರಿಸಲು ಅವಳನ್ನು ಕರೆಯಿಸಿಕೊಂಡಿತು. 1945ರಲ್ಲಿ ದಕ್ಷಿಣ ಅಮೆರಿಕಕ್ಕೆ ಸಾಹಿತ್ಯದ ಮೊದಲ ನೊಬೆಲ್ ತಂದವಳು ಈ ಹಳ್ಳಿಯ ಅಕ್ಕೋರು. ಅವಳ ಎಲ್ಕಿ ಕಣಿವೆ ಮಳೆ ಕಾಣದ ಒಣ ನಾಡು. ಸುತ್ತ ಬೋಳು ಬೆಟ್ಟ, ನಡುವೆ ಹೊಳೆಯ ನೀರಿನ ಮೇಲೆ ಬೆಳೆಯುವ ದ್ರಾಕ್ಷಿ. ತಿಕೋಟಾ, ಬಬಲೇಶ್ವರಗಳ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಡ. ಅಲ್ಲಿಯೂ ದ್ರಾಕ್ಷಿಯನ್ನು ಒಣಗಿಸುತ್ತಾರೆ. ಒಣದ್ರಾಕ್ಷಿಗೆ ಅಲ್ಲಿ 'ಪಾಸಾ' ಎನ್ನುತ್ತಾರೆಂದು ಹೇಳಿದಾಗ, ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಇರುವವರ ಮನೆಯ ಹುಡುಗಿಯೊಬ್ಬಳು ಸ್ವಲ್ಪ ಯೋಚಿಸಿ, "ಒಣಗಿದ ಮ್ಯಾಲೇ ಪಾಸ್ ಆಗೂದ್ರಿ ಮುತ್ಯಾ, ಹಸೀದಿದ್ರ ಫೇಲ್" ಎಂದಳು. ಮರುದಿನ ಓಣಿಯಲ್ಲಿ ಎಲ್ಲ ಹುಡುಗರ ಬಾಯಲ್ಲೂ ಅದೇ.